ಅಕ್ಕನಿಗಾಗಿ ಕಟ್ಟಿದ ಗಾಡಿ

ನನ್ನ ಅಕ್ಕ ಸಮುದ್ರ ನೋಡದೆಯೇ ತೀರಿಕೊಂಡಳು. ಅದಕ್ಕೆ ಅವಳ ಕಾಯಿಲೆಯೊಂದೇ ಕಾರಣವಲ್ಲ, ನಾನೂ ಕಾರಣ. ಎರಡು ವರ್ಷಗಳಲ್ಲಿ ಈ ವಾಕ್ಯವನ್ನು ಹಲವು ಸಲ ಬರೆದಿದ್ದೇನೆ. ಪ್ರತಿ ಸಲವೂ ಅದರ ಮುಂದೆ ‘ಆದರೆ’ ಎಂದು ಸೇರಿಸಿ ಎದ್ದುಹೋಗಿದ್ದೇನೆ. ಈ ಸಲ ಸೇರಿಸುವುದಿಲ್ಲ.

ಅಕ್ಕನನ್ನು ಕೊಟ್ಟದ್ದು ಕುಕನೂರಿಗೆ. ಯಲಬುರ್ಗಾದ ಶಾಲೆಯೊಂದರಲ್ಲಿ ಅವಳು ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದ ಆ ವರ್ಷಗಳಲ್ಲೆಲ್ಲ, ಮನೆಯ ಹೊಸ್ತಿಲು ದಾಟಿದ ಮೇಲೆ ಅವಳು ನೀರು ಕುಡಿಯುತ್ತಿರಲಿಲ್ಲ. ನಮ್ಮ ಕಡೆಯ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸು ಹತ್ತುವ ದಿನ ಚಹಾ ಅರ್ಧ ಕಪ್ಪು, ನೀರು ಗಂಟಲು ಒದ್ದೆಯಾಗುವಷ್ಟು. ದೂರದ ಪ್ರಯಾಣವಾದರೆ ಹಿಂದಿನ ದಿನದಿಂದಲೇ ಬಾಯಿ ಕಟ್ಟುತ್ತಾರೆ. ದಾರಿಯಲ್ಲಿ ಹೋಗಲು ಜಾಗವಿರುವುದಿಲ್ಲ, ಇದ್ದರೂ ಬಾಗಿಲಿರುವುದಿಲ್ಲ. ನಾನು ಗಂಗಾವತಿಯಲ್ಲಿ ಉಪನ್ಯಾಸಕ. ಕಾಲೇಜು ದಿನಗಳಿಂದ ಚರ್ಚಾಸ್ಪರ್ಧೆಯವನು. ಬಸ್ ನಿಲ್ದಾಣಗಳಲ್ಲಿ ಮಹಿಳೆಯರಿಗೆ ಶೌಚಾಲಯ ಬೇಕೆಂದು ಎಷ್ಟೋ ವೇದಿಕೆಗಳಲ್ಲಿ ವಾದಿಸಿದ್ದೆ, ಮನವಿ ಬರೆದಿದ್ದೆ. ಅಕ್ಕ ನೀರು ಕುಡಿಯುತ್ತಾಳೋ ಇಲ್ಲವೋ ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ಅಕ್ಕನ ಕಾಲು ಬಾತುಕೊಂಡಾಗ ಕೊಪ್ಪಳದಲ್ಲಿ ತೋರಿಸಿದೆವು. ಎರಡೂ ಮೂತ್ರಪಿಂಡಗಳು ಸೋಲುತ್ತಿವೆ ಎಂದರು ವೈದ್ಯರು. ‘ಹೇಳಿದಷ್ಟು ನೀರು ಕುಡಿಯಬೇಕು, ಮೂತ್ರ ತಡೆಹಿಡಿಯಬಾರದು. ಸದ್ಯಕ್ಕೆ ಎಲ್ಲಿಗಾದರೂ ಹೋಗಿ ಬರಬಹುದು. ಮುಂದೆ ಡಯಾಲಿಸಿಸ್ ಶುರುವಾದರೆ ವಾರಕ್ಕೆ ಮೂರು ದಿನ ಇಲ್ಲಿಗೆ ಬರಬೇಕಾಗುತ್ತದೆ’ ಎಂದು ಬಿಡಿಸಿ ಹೇಳಿದರು. ಅಕ್ಕ ಹೊರಗೆ ಬಂದವಳೇ ಮಾವನ, ಅಂದರೆ ತನ್ನ ಗಂಡನ, ಮುಖ ನೋಡಿದಳು.

“ಕೇಳಿದ್ರಿಲ್ಲೊ? ಎಲ್ಲಿಗ್ಯಾದ್ರೂ ಹೋಗಬೋದಂತ. ಸಮುದ್ರಕ್ಕ ಹೋಗೂಣ್ರಿ.”

“ಬಸ್ಸಿನ್ಯಾಗ?”

“ಬಸ್ಸಿನ್ಯಾಗ ಬಾಯಿ ಕಟ್ಟಬೇಕು. ನಂಗ ನೀರು ಕುಡಕೋಂತ ಹೋಗಬೇಕಾಗೈತಿ.”

ಮಾವನದು ಉಳ್ಳಾಗಡ್ಡಿ ಸಾಗಿಸುವ ಟೆಂಪೊ. ಮುಂದಿನ ಭಾನುವಾರ ನಾನು ಕುಕನೂರಿಗೆ ಹೋದಾಗ ಅದು ಅಂಗಳದಲ್ಲಿ ತೊಳೆಸಿಕೊಂಡು ನಿಂತಿತ್ತು. ಮಾವ ಹಿಂದಿನ ತೊಟ್ಟಿಯಲ್ಲಿ ನಿಂತು ಇದ್ದಲಿಯಿಂದ ಗೆರೆ ಎಳೆಯುತ್ತಿದ್ದರು. ಅಕ್ಕ ಕೆಳಗೆ ಕುಳಿತು ಅಪ್ಪಣೆ ಕೊಡುತ್ತಿದ್ದಳು.

“ಇಲ್ಲಿ ಮಲಗಾಕ ಹೊರಸು, ಇಲ್ಲಿ ಗ್ಯಾಸಿನ ಒಲಿ, ಇಲ್ಲಿ ನೀರಿನ ಡ್ರಮ್ಮು. ಈ ಮೂಲ್ಯಾಗ ಪರದೆ ಕಟ್ಟಿದ್ರ ರಾಣಿಯವರ ಅರಮನಿ” ಎಂದರು ಮಾವ.

“ನಗಬ್ಯಾಡ್ರಿ. ಆ ಮೂಲಿ ಸಲುವಾಗೇ ನಾ ಹೊಂಟೀನಿ.”

“ರೊಟ್ಟಿ ಎಷ್ಟು ಕಟ್ಟಬೇಕು?”

“ನೂರು ಬಡದು ಒಣಗಿಸ್ತೀನಿ. ತಮ್ಮ ಬರ್ತಾನಲ್ಲ, ಮಾತಾಡಿ ಮಾತಾಡಿ ಅವಂಗ ಹಸಿವಿ ಭಾಳ.”

ನಾನೂ ನಕ್ಕೆ. ಗೋಕರ್ಣದ ಹತ್ತಿರ ದಂಡೆಗೆ ಸಮೀಪದಲ್ಲೇ ಗಾಡಿ ನಿಲ್ಲಿಸಿ ತಂಗಲು ಜಾಗ ಕೊಡುವವರನ್ನು ಫೋನಿನಲ್ಲಿ ಹುಡುಕಿದೆ. ಮಹಾನವಮಿ ಮುಗಿದ ಮೇಲೆ ಹೊರಡುವುದು, ಮೂರು ದಿನ ಅಲ್ಲೇ ಇರುವುದು ಎಂದಾಯಿತು. ಸೂರ್ಯ ನೀರಿಗೆ ಇಳಿಯುವಾಗ ಸಪ್ಪಳವಾಗುತ್ತದೆಯೇ ಎಂದು ಅಕ್ಕ ಕೇಳಿದಳು. ಇಲ್ಲ ಎಂದೆ. “ನೀ ಕೇಳೀಯೇನು?” ಎಂದಳು. ನಾನೂ ಸಮುದ್ರ ನೋಡಿದವನಲ್ಲ.

ಗಾಡಿಯ ಮೇಲೆ ಹೊದಿಸುವ ತಾಡಪತ್ರಿಯ ಕಮಾನಿಗೆ ಅಳತೆ ಹಿಡಿಯುವ ಹೊತ್ತಿಗೆ ನನ್ನೊಳಗಿನ ವಾದಿ ಎದ್ದು ನಿಂತ. ಸರಕು ಸಾಗಿಸುವ ಗಾಡಿಯಲ್ಲಿ ಜನರನ್ನು ಕೂರಿಸಬಾರದು. ಕೂಲಿಯವರನ್ನು ಹೀಗೆ ತುಂಬಿಕೊಂಡು ಹೋಗುವುದರ ವಿರುದ್ಧ ನಾನೇ ಸಹಿ ಸಂಗ್ರಹಿಸಿದ್ದೆ. ನನ್ನ ಮನೆಯವರೇ ಹಾಗೆ ಹೋದರೆ ಆ ಸಹಿಗಳಿಗೆ ಏನು ಬೆಲೆ?

“ಹುಲಗಿ ಜಾತ್ರಿಗೆ ಹೋಗೂ ಮಂದಿ ಎದರಾಗ ಹೋಗ್ತಾರ, ವಿಮಾನದಾಗ?” ಎಂದರು ಮಾವ. ನಾನು ಬಗ್ಗಲಿಲ್ಲ. ಅವರು ಸ್ವಲ್ಪ ಯೋಚಿಸಿ, “ಹಂಗಾರ ಬಿಡು. ಗೆಳ್ಯಾನ ಜೀಪ್ ಐತಿ, ಸೀಟಿನ ಗಾಡಿ. ಹಿಂದ ಒಂದು ಬಕೀಟು ಇಟ್ಟು ಸೀರಿ ಕಟ್ಟಿದ್ರ ಮುಗೀತು. ನಾಳೆ ಅಂದ್ರ ನಾಳೆ ಹೊಂಡೂಣು” ಎಂದರು.

ನಾನು ಅಂದು ಅದಕ್ಕೆ ಒಪ್ಪಬೇಕಾಗಿತ್ತು. ಕಾನೂನು ನನ್ನ ಪರವಾಗಿತ್ತು, ಜೀಪು ಕಾನೂನಿಗೂ ಸರಿಹೊಂದುತ್ತಿತ್ತು. ಆದರೆ ಅಷ್ಟರಲ್ಲಿ ನನ್ನ ಕಣ್ಣಿಗೆ ಬೇರೆಯದೇ ಕಂಡಿತ್ತು: ಟೆಂಪೊವನ್ನೇ ಕ್ರಮಬದ್ಧವಾಗಿ ಮಾರ್ಪಡಿಸಿ, ಪರವಾನಗಿ ಪಡೆದು, ಮಲಗಲು ಹಾಸಿಗೆ, ಬಾಗಿಲಿರುವ ಶೌಚಾಲಯ ಇರುವ ಒಂದು ಮಾದರಿ ಗಾಡಿ ಮಾಡುವುದು. ಮೊದಲು ಅಕ್ಕ, ಆಮೇಲೆ ಯಲಬುರ್ಗಾ, ಕುಷ್ಟಗಿ, ಹನುಮಸಾಗರದ ಬಿಸಿಯೂಟದ ಹೆಂಗಸರೆಲ್ಲ ಸರದಿಯಲ್ಲಿ ಅದರಲ್ಲಿ ಹೋಗಿ ಬರಬೇಕು. ಇದನ್ನು ಅಂಗಳದಲ್ಲಿ ನಿಂತು ಬಹಳ ಹೊತ್ತು ವಿವರಿಸಿದೆ. ಮಾವ ಕೇಳುತ್ತ ಕೇಳುತ್ತ ಇದ್ದಲಿ ಕೆಳಗಿಟ್ಟರು.

“ಊರ ಹೆಂಗಸೂರನ್ನ ಆಮ್ಯಾಲೆ ಒಯ್ಯುವಂತಿ. ಮೊದಲ ನನ್ನ ಕರಕೊಂಡು ಹೋಗಲೇ” ಎಂದಳು ಅಕ್ಕ.

ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಒಬ್ಬರಿಗಾಗಿ ಮಾಡಿದ್ದು ಉಪಕಾರ, ಎಲ್ಲರಿಗಾಗಿ ಮಾಡಿದ್ದು ಸುಧಾರಣೆ ಎಂದೆ. ಅವಳ ಮೌನವನ್ನು ನಾನು ಒಪ್ಪಿಗೆಯೆಂದು ತೆಗೆದುಕೊಂಡೆ. ಎದುರಾಳಿ ಸುಮ್ಮನಾದರೆ ಗೆದ್ದಂತೆ ಎಂಬುದೇ ನನಗಿದ್ದ ತರಬೇತಿ.

ಪರವಾನಗಿಗೆ ಹೋದಾಗ ಸಾರಿಗೆ ಕಚೇರಿಯಲ್ಲಿ ಗಾಡಿಯ ನಕ್ಷೆ ಕೇಳಿದರು. ಅದು ಅವರ ತಪ್ಪಲ್ಲ, ಕೇಳಬೇಕಾದದ್ದನ್ನೇ ಕೇಳಿದರು. ನಕ್ಷೆ ಮಾಡಿಸಿದೆ. ಬಾಗಿಲಿನ ಅಗಲ ನನಗೆ ಒಪ್ಪಿಗೆಯಾಗದೆ ಮತ್ತೊಮ್ಮೆ ಮಾಡಿಸಿದೆ. ಮಹಾನವಮಿ ದಾಟಿತು, ದೀಪಾವಳಿಯೂ ದಾಟಿತು. ಗ್ಯಾರೇಜಿನವನು ಸಂಕ್ರಾಂತಿಗೆ ಕೊಡುತ್ತೇನೆಂದ. ಅಕ್ಕ ಬಡಿದು ಒಣಗಿಸಿದ್ದ ರೊಟ್ಟಿಗಳನ್ನು ಅಕ್ಕಪಕ್ಕದ ಮನೆಗಳಿಗೆ ಹಂಚಿದಳು. ಆಮೇಲೆ ಮತ್ತೆ ಬಡಿಯಲಿಲ್ಲ.

ಸಂಕ್ರಾಂತಿಗೆ ಮೊದಲೇ ಅವಳಿಗೆ ಡಯಾಲಿಸಿಸ್ ಶುರುವಾಯಿತು. ಗಾಡಿ ಬಂದದ್ದು ಅದಾಗಿ ಹದಿನೈದು ದಿನಕ್ಕೆ. ಅಚ್ಚುಕಟ್ಟಾದ ಗಾಡಿ, ನಿಯಮದಲ್ಲಿ ಎಲ್ಲೂ ಕೊರತೆಯಿಲ್ಲ. ಅದರಲ್ಲಿ ಮಲಗಿಸಿಕೊಂಡು ವಾರಕ್ಕೆ ಮೂರು ದಿನ ಅಕ್ಕನನ್ನು ಕೊಪ್ಪಳಕ್ಕೆ ಒಯ್ದೆವು. ಬಾಗಿಲಿರುವ ಆ ಮೂಲೆ ಅವಳ ಉಪಯೋಗಕ್ಕೆ ಬರಲಿಲ್ಲ. ಮೂತ್ರ ನಿಂತುಹೋಗಿತ್ತು. ಈಗ ನೀರನ್ನು ಅಳೆದು ಕೊಡಬೇಕಾಗಿತ್ತು, ದಿನಕ್ಕೆ ನಾಲ್ಕು ಸಣ್ಣ ಲೋಟ. ಡ್ರಮ್ಮು ಖಾಲಿಯೇ ಇತ್ತು.

ಕುಕನೂರಿನಿಂದ ಬಂದರೆ ಭಾನಾಪುರದ ಹತ್ತಿರ ಹೆದ್ದಾರಿ ಸಿಗುತ್ತದೆ. ಎಡಕ್ಕೆ ಕೊಪ್ಪಳ. ಬಲಕ್ಕೆ ಗದಗ, ಹುಬ್ಬಳ್ಳಿ, ಘಟ್ಟ, ಅದರಾಚೆ ಸಮುದ್ರ. ಮಾಘ ಮಾಸದ ಒಂದು ಬೆಳಿಗ್ಗೆ, ಆ ಕ್ರಾಸಿನಲ್ಲಿ, ಅಕ್ಕ ಎದ್ದು ಕುಳಿತು ಮುಂದಿನ ಕಿಂಡಿ ಬಡಿದಳು.

“ಏನ್ರೀ, ಒಂದ್ ಚೂರು ಬಲಕ್ಕ ಹೊಳ್ಳಿಸ್ರಿ. ಸಮುದ್ರದ ತನಕ ಬ್ಯಾಡ. ಆ ದಾರಿ ಹೆಂಗೈತಿ ನೋಡಿ ಬರೂಣು.”

ಮಾವ ಗಾಡಿ ನಿಲ್ಲಿಸಿದರು. ನಿಲ್ಲಿಸಿ, ಅಕ್ಕನತ್ತ ತಿರುಗಲಿಲ್ಲ, ಪಕ್ಕದಲ್ಲಿ ಕುಳಿತಿದ್ದ ನನ್ನ ಮುಖ ನೋಡಿದರು. ಅಷ್ಟು ತಿಂಗಳುಗಳಲ್ಲಿ ಅವರನ್ನು ನಾನು ಹಾಗೆ ಪಳಗಿಸಿಬಿಟ್ಟಿದ್ದೆ.

“ತಡಾ ಆದ್ರ ನಿನ್ನ ಡಯಾಲಿಸಿಸ್ ಪಾಳಿ ಹೋಗ್ತೈತಿ ಅಕ್ಕ. ಬರೂವಾಗ ಹೋಗೂಣು” ಎಂದೆ.

“ಬರೂವಾಗ ನಂಗ ಕಣ್ಣ ತೆಗ್ಯಾಕ ಆಗಂಗಿಲ್ಲಪಾ ತಮ್ಮ.”

ಅದು ನನಗೂ ಗೊತ್ತಿತ್ತು. ಆದರೂ ಗಡಿಯಾರ ತೋರಿಸಿದೆ. ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅವಳು ಮತ್ತೆ ಒರಗಿದಳು. ಮಾವ ಎಡಕ್ಕೆ ತಿರುಗಿಸಿದರು.

ಅದಾದ ಮೇಲೆ ಅವಳು ಇದ್ದದ್ದು ಹನ್ನೊಂದು ದಿನ. ಅವಳು ಕಿಂಡಿ ಬಡಿದ ದಿನವೇ ಮಧ್ಯಾಹ್ನ ಮರಳುವಾಗ ಅದೇ ಕ್ರಾಸಿಗೆ ಬಂದು ಮಾವ ತಾವಾಗಿಯೇ ಬದಿಗೆ ನಿಂತರು. ಎದುರಿಗೆ ಹೆದ್ದಾರಿ ಪಶ್ಚಿಮಕ್ಕೆ ನೆಟ್ಟಗೆ ಹೋಗಿತ್ತು. ಲಾರಿಗಳು ದಾಟಿಹೋಗುತ್ತಿದ್ದವು. ನಾನು ಕಿಂಡಿಯಿಂದ ಹಿಂದೆ ನೋಡಿದೆ. ಅಕ್ಕ ಬಾಯಿ ತೆರೆದು ಮಲಗಿದ್ದಳು, ತುಟಿಗಳು ಒಣಗಿದ್ದವು. ಎಬ್ಬಿಸಲೇ ಎಂದು ಮಾವ ಕೇಳಲಿಲ್ಲ, ನನ್ನ ಮಾತಿಗೆ ಕಾಯುತ್ತಿದ್ದರು.

“ನಡೀರಿ ಮಾವ” ಎಂದೆ.