ನನಗಾಗಿ ಸ್ವಲ್ಪ ಹೊತ್ತು

ಅಮ್ಮನಿಗೆ ಮಣಿಪಾಲದಲ್ಲಿ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದಾಗ, ಆರೈಕೆ ಮಾಡುವವರಿಗೆಂದೇ ಇರುವ ಜಾಲತಾಣವನ್ನು ಮೊಬೈಲಿನಲ್ಲಿ ಓದಿ ಓದಿ ನಾನು ಅವಳನ್ನು ಕುರ್ಚಿಯಿಂದ ಏಳಲೂ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಗಟ್ಟಿಯಾಗಿ ಓದಿದೆ: “ನೋಡಿಕೊಳ್ಳುವವರು ದಿನವೂ ಸ್ವಲ್ಪ ಹೊತ್ತು ತಮಗಾಗಿ ಇಟ್ಟುಕೊಳ್ಳಬೇಕು.”

“ಇದೊಂದನ್ನು ಮಾತ್ರ ನೀನು ಯಾಕೆ ಮಾಡುವುದಿಲ್ಲ ಮಾರಾಯ್ತಿ?” ಎಂದ ಅಮ್ಮ ಮಲ್ಲಿಗೆ ಮೊಗ್ಗಿನ ಬುಟ್ಟಿಯನ್ನು ನನ್ನತ್ತ ತಳ್ಳಿದಳು. “ಫೋನ್ ಕೆಳಗಿಡು. ಹೂ ಕಟ್ಟು.”

ಮನೆಮನೆಯಲ್ಲೂ ಮಲ್ಲಿಗೆ ಕಟ್ಟಿ ಮಾರುವ ಶಂಕರಪುರದಲ್ಲೇ ಹುಟ್ಟಿದರೂ ನನಗದು ಒಲಿದಿರಲಿಲ್ಲ. ಬಾಳೆನಾರಿನ ಗಂಟು ಸಡಿಲವಾಗಿ ಮೊಗ್ಗು ಉದುರುತ್ತಲೇ ಇತ್ತು. ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

“ಇದನ್ನು ಯಾರು ಕೊಳ್ಳುತ್ತಾರೆ? ನಾನೇ ಮುಡಿಯಬೇಕಷ್ಟೆ” ಎಂದು, ಕೂದಲುದುರಿದ ತಲೆಗೆ ಸುತ್ತಿದ್ದ ಬಟ್ಟೆಗೆ ಆ ಸೊಟ್ಟ ಮಾಲೆಯನ್ನು ಪಿನ್ನು ಮಾಡಿಕೊಂಡು ಕನ್ನಡಿಯ ಮುಂದೆ ನಿಂತಳು. “ಹೇಗುಂಟು?”

“ಚಂದ ಉಂಟು” ಎಂದೆ. ಅವಳು ಕುರ್ಚಿಯಿಂದ ಎದ್ದಿದ್ದಾಳೆಂದು ನನಗೆ ಹೊಳೆದದ್ದು ಆಮೇಲೆ.