ಒಲೆಕಟ್ಟೆಯ ಅಳತೆಗೆಂದು ಪುಣೆಗೆ

ಯಾದಗಿರಿ ಸ್ಟೇಷನ್ನಿನಲ್ಲಿ ಗಾಡಿ ಹತ್ತಿದಾಗ ನನ್ನ ಬಳಿ ಎರಡು ಗಂಟುಗಳಿದ್ದವು. ಒಂದು ನನ್ನದು. ಅದರಲ್ಲಿ ಒಂದು ಜೊತೆ ಬಟ್ಟೆ, ಒಂದು ಟವೆಲ್ಲು ಇದ್ದವು. ಇನ್ನೊಂದು ನಮ್ಮ ಓಣಿಯ ಸಾಬಮ್ಮ ಪುಣೆಯಲ್ಲಿದ್ದ ಮಗ-ಸೊಸೆಗೆ ಕೊಟ್ಟು ಕಳಿಸಿದ್ದು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಕೆಂಪು ಖಾರ, ಅವುಗಳ ಮೇಲೊಂದು ಖಾರವಾದ ಮಾತು. "ಮಾನಪ್ಪ, ನನ್ನ ಸೊಸಿಗಿ ಹೇಳು. ರೊಟ್ಟಿ ಅನ್ನೋದು ಕುಂತು ಬಡೀಬೇಕು. ನಿಂತು ಬಡದ್ರ ಅದು ರೊಟ್ಟಿ ಅಲ್ಲ, ಹಪ್ಪಳ!"

ನಾನು ಊರ ಗೌಂಡಿ, ಮನೆ ಕಟ್ಟುವವನು. ಹತ್ತನೆಯ ಇಯತ್ತೆಯಲ್ಲಿ ಡುಮ್ಕಿ ಹೊಡೆದು, ಗಾರೆ ಮೆತ್ತುವ ಅಪ್ಪನ ಕರಣಿ ಹಿಡಿದವನು. ಗೋಡೆಗೆ ಹಿಡಿಯುವ ದಾರದ ಉಂಡೆ ಮದುವೆಗೆ ಹೋದರೂ ನನ್ನ ಜೇಬಿನಲ್ಲೇ ಇರುತ್ತದೆ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಅಷ್ಟರಲ್ಲಿ ನಮ್ಮ ಓಣಿಯ ಅರ್ಧಕ್ಕರ್ಧ ಜನ ಪುಣೆಯ ಕಟ್ಟಡಗಳಲ್ಲಿ ದುಡಿಯುತ್ತಿದ್ದರು. ನಾನು ಮಾತ್ರ ಹೋಗಿರಲಿಲ್ಲ. ಹೋಗುವ ಜರೂರು ಬಿದ್ದಿರಲಿಲ್ಲ, ಯಾಕೆಂದರೆ ಪುಣೆಯೇ ನನ್ನ ಮನೆಗೆ ಬರುತ್ತಿತ್ತು. ಅವರು ಅಲ್ಲಿ ಬುಟ್ಟಿ ಹೊತ್ತು ಹಣ ಕಳಿಸಿದರೆ ಇಲ್ಲಿ ನನ್ನ ಕರಣಿ ಆಡುತ್ತಿತ್ತು. ನನ್ನ ಹಿಂದೆ ಉಸುಕು ಹೊಡೆಯುವ ಟ್ರ್ಯಾಕ್ಟರ್‌ನವನು, ಬಾಗಿಲು ಮಾಡುವ ಬಡಿಗ, ಹೊಸದಾಗಿ ಸಿಮೆಂಟಿನ ಅಂಗಡಿ ಇಟ್ಟವನು, ಎಲ್ಲರ ಅನ್ನವೂ ಆ ಬುಟ್ಟಿಯಿಂದಲೇ.

ಈ ಪ್ರಯಾಣಕ್ಕೆ ಕಾರಣ ಸಾಬಮ್ಮನ ಮಗ ಹಣಮಂತ ಮತ್ತು ಸೊಸೆ ಮಲ್ಲಮ್ಮ. ಇಬ್ಬರೂ ಪುಣೆಯಲ್ಲಿ, ಮಕ್ಕಳಿಬ್ಬರು ಸಾಬಮ್ಮನ ಹತ್ತಿರ ಊರ ಶಾಲೆಯಲ್ಲಿ. ಅವರು ಕಳಿಸಿದ ಹಣದಲ್ಲಿ ಎರಡು ಖೋಲಿಯ ಮನೆ ಎಬ್ಬಿಸಿದ್ದೆ. ಮೇಲೆ ಸ್ಲ್ಯಾಬನ್ನೂ ಹಾಕಿಯಾಗಿತ್ತು. ಆಮೇಲೆ ಶುರುವಾಯಿತು ನೋಡಿ ತಕರಾರು. ಒಂದು ಭಾನುವಾರ ಹಣಮಂತ ಕಿರಾಣಿ ಅಂಗಡಿಗೆ ಫೋನ್ ಮಾಡಿ, "ಮಾನಪ್ಪಣ್ಣ, ಮುಂದ ಕಂಬದ ಪಡಸಾಲಿ ಮಾಡು" ಅಂದ. ಮುಂದಿನ ಭಾನುವಾರ ಮಲ್ಲಮ್ಮ, "ಅಣ್ಣಾ, ಪಡಸಾಲಿ ಬ್ಯಾಡ್ರಿ, ಅಡಗಿ ಮನ್ಯಾಗ ನಿಂತು ಅಡಗಿ ಮಾಡೋ ಒಲಿಕಟ್ಟಿ ಬೇಕು, ಬಾಜೂಕ ಕಿಟಕಿ ಬೇಕು" ಅಂದಳು. ಸಾಬಮ್ಮನಂತೂ ಒಲೆಕಟ್ಟೆ ಬೇಡವೇ ಬೇಡ ಎಂದು ಹಟ ಹಿಡಿದಳು. ಉಳಿದ ಹಣ ಎರಡರಲ್ಲಿ ಒಂದಕ್ಕೆ ಮಾತ್ರ ಸಾಲುತ್ತಿತ್ತು. ಅತ್ತ ದರಿ ಇತ್ತ ಪುಲಿ. ಮಳೆಗಾಲದೊಳಗೆ ಇತ್ಯರ್ಥವಾಗದಿದ್ದರೆ ಕೆಲಸ ನಿಲ್ಲುತ್ತದೆ, ನಿಂತ ಕೆಲಸ ನಮ್ಮ ಕಡೆ ವರ್ಷಗಟ್ಟಲೆ ನಿಲ್ಲುತ್ತದೆ. ಫೋನಿನಲ್ಲಿ ಗಂಡ ಹೆಂಡತಿಯ ಜಗಳ ಬಿಡಿಸಲು ಯಾವ ದೇವರಿಗೂ ಆಗುವುದಿಲ್ಲ ಎಂದು ನಾನೇ ಹೊರಟೆ. ನಿಜ ಹೇಳಬೇಕೆಂದರೆ ಮಲ್ಲಮ್ಮನಿಗೆ ಬುದ್ಧಿ ಹೇಳಲೆಂದೇ ಹೊರಟಿದ್ದೆ. ನಮ್ಮೂರಲ್ಲಿ ನಾನು ಕಟ್ಟಿದ ಯಾವ ಮನೆಯಲ್ಲೂ ಹೆಂಗಸರು ನಿಂತು ಅಡುಗೆ ಮಾಡಿದ್ದಿಲ್ಲ.

ಜನರಲ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲ ಹತ್ತಿರ ಗಂಟಿನ ಮೇಲೆಯೇ ಕೂತೆ. ಸುತ್ತ ಎಲ್ಲರೂ ನಮ್ಮ ಕಡೆಯವರೇ, ಎಲ್ಲರ ಬಳಿಯೂ ರೊಟ್ಟಿಯ ಗಂಟು. ಸುರಪುರದ ಕಡೆಯ ಮುದುಕನೊಬ್ಬ ನನ್ನನ್ನು ನೋಡಿ, "ಹೊಸಬ್ರೇನ್ರಿ? ಸೋಲಾಪುರ ದಾಟೂತನಕ ಕನ್ನಡ ಮಾತಾಡಿಬಿಡ್ರಿ, ಆಮ್ಯಾಲ ತುಟ್ಟಿ ಆಗ್ತದ" ಎಂದು ನಕ್ಕ. ಅವನು ಹೇಳಿದಂತೆಯೇ ಸೋಲಾಪುರದ ಆಚೆ ಚಹಾ ಮಾರುವವನ ಕೂಗೂ ಮರಾಠಿಗೆ ಬದಲಾಯಿತು.

ಕಣ್ಣು ಬಿಟ್ಟಾಗ ಬೆಳಕು ಹರಿಯುತ್ತಿತ್ತು, ಗಾಡಿ ದೌಂಡದಲ್ಲಿ ನಿಂತಿತ್ತು. ಈ ಊರಿನ ಮಗ್ಗುಲಲ್ಲೇ ಭೀಮೆ ಹರಿಯುತ್ತಾಳೆ ಎಂದು ಮುದುಕ ಹೇಳಿದ. ನಮ್ಮ ಯಾದಗಿರಿಯ ಭೀಮೆ! ನದಿ ಇಲ್ಲಿಂದ ನಮ್ಮ ಕಡೆಗೆ ಇಳಿದು ಬರುತ್ತದೆ, ನಾವು ನದಿಗೆ ಎದುರಾಗಿ ದುಡಿಯಲು ಹತ್ತಿ ಬರುತ್ತೇವೆ. ದುಡ್ಡು ಮಾತ್ರ ನೀರಿನ ಸಂಗಡ ಕೆಳಗೆ ಬರುತ್ತದಲ್ಲ ಎನ್ನಿಸಿ ನನಗೆ ನಗು ಬಂತು.

ಪುಣೆ ಸ್ಟೇಷನ್ನಿನಿಂದ ಲೋಕಲ್ ಗಾಡಿಗೆ ನಾಲ್ಕು ರೂಪಾಯಿಯ ಟಿಕೆಟ್ಟು. ಶಿವಾಜಿನಗರದಲ್ಲಿ ಕಾಲೇಜಿನ ಹುಡುಗರು, ಕೋರ್ಟಿಗೆ ಹೋಗುವ ಕರಿಕೋಟಿನವರು ದಬದಬ ಇಳಿದರು. ಡಬ್ಬಿ ಹಗುರಾಯಿತು. ಮುಂದಿನ ಖಡಕಿಯಲ್ಲಿ ನಾನು ಇಳಿದೆ. ಹಣಮಂತ ಗೇಟಿನಲ್ಲೇ ಕಾಯುತ್ತಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಗಂಟುಗಳನ್ನು ಕಸಿದುಕೊಂಡು, ರಿಕ್ಷಾದವನ ಜೊತೆ ಮರಾಠಿಯಲ್ಲಿ ಜಗ್ಗಾಡಿ, ನನ್ನನ್ನು ಆರು ಸೀಟಿನ ರಿಕ್ಷಾದಲ್ಲಿ ಒಂಬತ್ತನೆಯವನಾಗಿ ತುರುಕಿದ. ಮಿಲಿಟರಿಯವರ ಉದ್ದನೆಯ ಕಾಂಪೌಂಡು, ಸಾಲುಮರ ದಾಟಿ ಹೊಳೆಯ ಸೇತುವೆ ಇಳಿದ ಮೇಲೆ ಎಲ್ಲಿ ನೋಡಿದರೂ ಅರ್ಧ ಎದ್ದ ಕಟ್ಟಡಗಳೇ.

ಅಂಥದೊಂದು ಏಳು ಅಂತಸ್ತಿನ ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳ ಸಾಲು. ಹೋದ ತಕ್ಷಣ ಕಂಡದ್ದು ಮಲ್ಲಮ್ಮನ ಬೆನ್ನು. ಇಟ್ಟಂಗಿ ಪೇರಿಸಿ, ಅದರ ಮೇಲೆ ಒಡೆದ ಕಡಪಾ ಕಲ್ಲಿನ ತುಂಡು ಇಟ್ಟು, ನಿಂತುಕೊಂಡು ರೊಟ್ಟಿ ಬಡಿಯುತ್ತಿದ್ದಳು. ದುಂಡಗೆ, ತೆಳ್ಳಗೆ, ಪಟಪಟನೆ. "ಬರ್ರಿ ಅಣ್ಣಾ, ಆರಾಮ ಬಂದ್ರ್ಯಾ?" ಅಂದಳು ಕೈ ನಿಲ್ಲಿಸದೆ. ದಾರಿಯುದ್ದ ಜೋಡಿಸಿಕೊಂಡು ಬಂದಿದ್ದ ನನ್ನ ವಾದ ಹೊಸ್ತಿಲಲ್ಲೇ ಸೋತಂತಾಯಿತು. ಉಂಡು ನೋಡಿದೆ. ರೊಟ್ಟಿ ಹಪ್ಪಳ ಆಗಿರಲಿಲ್ಲ, ಹಾಳಾದ್ದು ರುಚಿಯಾಗಿಯೇ ಇತ್ತು.

ಆದರೂ ಸಿಟ್ಟು ಬಂತು, ಅದು ಬೇರೆ ಕಾರಣಕ್ಕೆ. ನಾನು, ಹಣಮಂತ ನೆಲಕ್ಕೆ ಕೂತು ಉಂಡೆವು. ಅವಳು ನಿಂತೇ ಬಡಿಸಿದಳು, ಆಮೇಲೆ ಶೆಡ್ಡಿನ ಕಂಬಕ್ಕೆ ಒರಗಿ ನಿಂತೇ ಉಂಡಳು. ಬಂದ ಅತಿಥಿಯ ಮುಂದೆ ಇದೇನು ಠೀವಿ, ಪುಣೆಯ ನೀರು ತಲೆಗೇರಿದೆ ಎಂದುಕೊಂಡೆ. ಮೆಲ್ಲಗೆ ಕೇಳಿಯೇ ಬಿಟ್ಟೆ. "ಅಲ್ಲವ್ವ, ಇಲ್ಲಿ ಜಾಗಾ ಇಲ್ಲ, ನಿಂತು ಮಾಡ್ತಿ. ಊರಾಗ ಕಾಲು ಚಾಚಿ ಕುಂಡ್ರೋವಷ್ಟು ಜಾಗಾ ಅದ. ಅಲ್ಲಿ ಯಾಕ ನಿನಗ ಸಾಹುಕಾರ್ತಿ ಒಲಿ?"

ಮಲ್ಲಮ್ಮ ತಾಟು ತೊಳೆಯಲು ಹೋದಳು.

ನಾನು ಬೇಕೆಂದೇ ಅಮಾವಾಸ್ಯೆಯ ದಿನ ನೋಡಿ ಬಂದಿದ್ದೆ. ಅಮಾವಾಸ್ಯೆಗೆ ನಮ್ಮ ಕಸುಬಿನವರು ಕರಣಿ ಮುಟ್ಟುವುದಿಲ್ಲ. ಪುಣೆಗೆ ಬಂದರೂ ನಮ್ಮವರು ಅದನ್ನು ಬಿಟ್ಟಿರಲಿಲ್ಲ. ಶೆಡ್ಡುಗಳ ಮುಂದೆ ಸಲಿಕೆ, ಬುಟ್ಟಿ, ಕರಣಿಗಳನ್ನು ತೊಳೆದು ಸಾಲಾಗಿ ಇಟ್ಟು, ಭಂಡಾರ ಕುಂಕುಮ ಹಚ್ಚಿ ಕಾಯಿ ಒಡೆದಿದ್ದರು. ಕೆಲಸವಿಲ್ಲದ ಕಟ್ಟಡ ಬಿಕೋ ಎನ್ನುತ್ತಿತ್ತು. "ಬಾ ಅಣ್ಣಾ, ನಮ್ಮ ಕೆಲಸ ನೋಡು" ಎಂದು ಹಣಮಂತ ಕರೆದ. ಮಲ್ಲಮ್ಮನೂ ಬಂದಳು.

ಕೆಳಗೆ ಒಂದು ಕಡೆ ನೆಲಕ್ಕೆ ಹಾಸುವ ಕಲ್ಲು ಪೇರಿಸಿದ್ದರು. ನೋಡಿದರೆ ನಮ್ಮ ಶಹಾಬಾದಿನ ಪರಸಿ! ಕೈ ಸವರಿದೆ. ಮನುಷ್ಯರಷ್ಟೇ ಅಲ್ಲ, ನಮ್ಮ ಕಲ್ಲೂ ದುಡಿಯಲು ಇಲ್ಲಿಗೆ ಬಂದಿದೆ. ನಾಲ್ಕನೆಯ ಅಂತಸ್ತಿನ ಅಡುಗೆಮನೆಯೊಂದರಲ್ಲಿ ಮಲ್ಲಮ್ಮ ನಿಂತಳು. ಕರಿಕಲ್ಲಿನ ಒಲೆಕಟ್ಟೆ ಕನ್ನಡಿಯಂತೆ ಹೊಳೆಯುತ್ತಿತ್ತು, ಎದುರಿಗೆ ಕಿಟಕಿ, ಗಾಳಿ ಸುಯ್ಯೆಂದು ಬರುತ್ತಿತ್ತು. "ಈ ಒಲಿಕಟ್ಟಿಗಿ ಇಟ್ಟಂಗಿ, ಸಿಮೆಂಟಿನ ಮಾಲು ಹೊತ್ತದ್ದು ನಾನೇ ಅಣ್ಣಾ" ಎಂದಳು. ಅದರ ಮೇಲೆ ಕೈ ಇಟ್ಟಳು. ಅದು ಅವಳಿಗೆ ತುಸು ಎತ್ತರವಾಗಿತ್ತು, ಭುಜ ಎತ್ತಬೇಕಾಯಿತು.

ಇಳಿಯುವಾಗ ಕಂಡದ್ದನ್ನು ನಾನು ಇಂದಿಗೂ ಮರೆತಿಲ್ಲ. ಹಣಮಂತ ಮುಂದೆ ಇಳಿದು ಹೋಗಿದ್ದ. ನಾನು ತಿರುಗಿ ನೋಡಿದರೆ ಮಲ್ಲಮ್ಮ ಗೋಡೆಗೆ ಎರಡೂ ಕೈ ಊರಿ, ನನಗೆ ಬೆನ್ನು ಮಾಡಿ, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ನಿಚ್ಚಣಿಕೆ ಇಳಿಯುವ ಹಾಗೆ.

"ಏನವ್ವ ಇದು?"

"ರೂಢಿ ಅಣ್ಣಾ." ಇನ್ನೆರಡು ಮೆಟ್ಟಿಲು ಇಳಿದು ನಿಂತಳು. "ಏರೋದು ಹ್ಯಾಂಗರೆ ಏರ್ತೀನಿ, ಇಳಿಯೋದೇ ಆಗಲ್ಲ. ಮೊಣಕಾಲು ಮಡಚಲ್ಲ. ನೆಲಕ್ಕ ಕುಂತ್ರ ಇಬ್ರು ಎಬ್ಬಸಬೇಕು. ಅದಕ್ಕ ನಿಂತೇ ಉಂಡೆ, ತಪ್ಪು ತಿಳೀಬ್ಯಾಡ್ರಿ."

ಸಾಹುಕಾರ್ತಿ ಒಲೆ ಅಂದಿದ್ದೆನಲ್ಲ, ಆ ನಾಲಿಗೆಯನ್ನು ಕಚ್ಚಿಕೊಳ್ಳಬೇಕೆನಿಸಿತು. ಎಷ್ಟು ವರ್ಷ, ಎಷ್ಟು ಅಂತಸ್ತು, ತಲೆಯ ಮೇಲೆ ಎಷ್ಟು ಇಟ್ಟಂಗಿ! ಅವೆಲ್ಲ ಹಣವಾಗಿ ನಮ್ಮೂರಿಗೆ ಬಂದವು. ನಾನು ಅದನ್ನು ಗೋಡೆ ಮಾಡಿದೆ, ನನ್ನ ಮಗಳ ಮದುವೆಯನ್ನೂ ಮಾಡಿದೆ. ಆ ಹಣದ ಇನ್ನೊಂದು ತುದಿಯಲ್ಲಿ ಇಂಥ ಮೊಣಕಾಲು ಇರುತ್ತದೆಂದು ನನಗೆ ಹೊಳೆದಿರಲೇ ಇಲ್ಲ.

"ಊರಾಗ ಹೇಳಬ್ಯಾಡ್ರಿ" ಎಂದಳು. "ನಮ್ಮ ಅತ್ತಿ ಕಿವಿಗಿ ಬಿದ್ರ ಬಂದುಬಿಡು ಅಂತಾಳ. ನಾ ಹೋದ್ರ ಒಬ್ರ ಪಗಾರದಾಗ ಮನಿ ಮುಗಿಯಲ್ಲ. ಮನಿ ಮುಗೀಲಿ, ಹುಡುಗ್ರ ಸಾಲಿ ಒಂದು ದಂಡಿಗಿ ಹತ್ತಲಿ. ಆಮ್ಯಾಲ ನಾ ಬಂದು ಇರೋದು ಅದೇ ಅಡಗಿ ಮನ್ಯಾಗ ಅಲ್ಲೇನ್ರಿ?"

ಚಹಾ ಕುಡಿಯುವಾಗ, ಹೆಂಡತಿಯ ಕಾಲು ನೋಡಿಲ್ಲವೇನೋ ಎಂದು ಹಣಮಂತನನ್ನು ತರಾಟೆಗೆ ತೆಗೆದುಕೊಂಡೆ. "ಗೊತ್ತದಣ್ಣ" ಎಂದ ಅವನು. "ದವಾಖಾನ್ಯಾಗ ಸೂಜಿ ಮಾಡಿಸ್ತೀನಿ. ಮಾಡಿಸಿದ್ರ ಎಂಟು ದಿನ ಆರಾಮ ಇರ್ತಾಳ."

"ಹುಚ್ಚಪ್ಪ, ಗೋಡಿ ಬಿರುಕು ಬಿಟ್ರ ಮ್ಯಾಲ ಸುಣ್ಣ ಬಳದ್ರ ಆಯ್ತೇನು? ಆಕಿಗಿ ಕುಂಡ್ರಾಕ ಬರಲ್ಲ, ನಿನಗ ಕಂಬದ ಪಡಸಾಲಿ ಬೇಕು!"

ಅವನು ಚಹಾದ ಲೋಟ ಕೆಳಗಿಟ್ಟ. ಆಮೇಲೆ ಅಂದ, "ನಮ್ಮಪ್ಪ ಊರಾಗ ಯಾರ ಪಡಸಾಲ್ಯಾಗೂ ಕುಂತವ ಅಲ್ಲ ಅಣ್ಣಾ. ಸಾಯೂತನಕ ಮಂದಿ ಅಂಗಳದಾಗ ನಿಂತೇ ಮಾತಾಡಿದ. ನಮ್ಮ ಪಡಸಾಲಿ ಅಂತ ಒಂದಿರಲಿ, ಯಾರು ಬೇಕಾದ್ರೂ ಬಂದು ಕುಂಡ್ರಲಿ ಅಂತ ಆಸಿ ಇತ್ತು."

ಆ ಮಾತಿಗೆ ನನ್ನ ಸಿಟ್ಟು ಇಳಿದುಹೋಯಿತು. ನನ್ನ ಅಪ್ಪನೂ ಹಾಗೆಯೇ ನಿಂತವನು. ಇವನ ಆಸೆಯೂ ಸುಳ್ಳಲ್ಲ, ಅವಳ ನೋವೂ ಸುಳ್ಳಲ್ಲ. ಏನು ತೀರ್ಪು ಕೊಡಲಿ? ಸುಮ್ಮನೆ ಜೇಬಿನಿಂದ ದಾರದ ಉಂಡೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತೆ. ಹಣಮಂತ ಅದನ್ನೇ ನೋಡುತ್ತಿದ್ದ. ಎದ್ದು ಬಂದು ದಾರದ ತುದಿ ತಾನೇ ಎಳೆದುಕೊಂಡ. ಒಲೆಯ ಮುಂದೆ ನಿಂತಿದ್ದ ಹೆಂಡತಿಯ ಹಿಮ್ಮಡಿಯ ಬಳಿ ಮೊಣಕಾಲೂರಿ, ಆ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದ.

"ಹಿಡಿ ಅಣ್ಣಾ ಅಳತಿ. ಇಲ್ಲಿನ ಕಟ್ಟಿ ಆಕಿಗಿ ಎತ್ತರ ಆಗ್ತಾವ."

"ರೊಟ್ಟಿ ಬಡ್ಯಾಂಗ ಕೈ ಹಿಡಿಯವ್ವ" ಎಂದೆ. ಮಲ್ಲಮ್ಮ ನಾಚಿ ನಕ್ಕಳು, ಆದರೂ ಗಾಳಿಯಲ್ಲಿ ರೊಟ್ಟಿ ಬಡಿದು ತೋರಿಸಿದಳು. ಅಂಗೈಯ ಕೆಳಗೆ ದಾರಕ್ಕೊಂದು ಗಂಟು ಹಾಕಿದೆ. ಪಡಸಾಲೆಯ ಬದಲಿಗೆ ಬಾಗಿಲ ಮುಂದೆ ಒಂದು ಅಗಲವಾದ ಪರಸಿ ಕಲ್ಲು ಕೂರಿಸುತ್ತೇನೆ, ಅದರ ಕೂಲಿ ಬೇಡ, ಮೊದಲು ಕೂರುವವನು ನಾನೇ ಎಂದೆ. ಹಣಮಂತ ತಲೆಯಾಡಿಸಿದ. ಕಣ್ಣು ಒರೆಸಿಕೊಂಡನೋ ಸೆಕೆಗೆ ಮುಖ ಒರೆಸಿಕೊಂಡನೋ ನಾನು ನೋಡಲು ಹೋಗಲಿಲ್ಲ.

ಮರುದಿನ ಅವರು ಕೆಲಸಕ್ಕೆ ಹತ್ತಿದರು, ನಾನು ಗಾಡಿ ಹತ್ತಿದೆ. ವಾಪಸಾಗುವಾಗ ಡಬ್ಬಿ ಅಷ್ಟು ತುಂಬಿರಲಿಲ್ಲ. ದಾರಿಯುದ್ದ ನಮ್ಮ ಕಡೆಯ ಊರುಗಳಲ್ಲಿ ಹೊಸ ಸ್ಲ್ಯಾಬಿನ ಮನೆಗಳು ಕಾಣುತ್ತಿದ್ದವು. ಹೋಗುವಾಗ ನೋಡಿದ್ದರೆ ಗೋಡೆ ಸರಿಯಾಗಿ ಎದ್ದಿದೆಯೋ ಸೊಟ್ಟಗಿದೆಯೋ ಎಂದು ನೋಡುತ್ತಿದ್ದೆ. ಈಗ ಒಂದೊಂದು ಮನೆ ಕಂಡಾಗಲೂ ಇದು ಯಾರ ತಲೆಯ ಮೇಲಿಂದ ಇಳಿದು ಬಂತೋ ಎನ್ನಿಸುತ್ತಿತ್ತು.

ಊರು ಮುಟ್ಟಿದಾಗ ಸಾಬಮ್ಮ ಹೊಸ ಮನೆಯ ಒಳಗೆ, ಬರಿ ನೆಲದ ಅಡುಗೆಮನೆಯಲ್ಲಿ ಕಸ ಹೊಡೆಯುತ್ತಿದ್ದಳು.

"ಏನಂದ್ಲು ನನ್ನ ಸೊಸಿ?"

"ಒಲಿಕಟ್ಟಿನೇ ಆಗ್ಲಿ ಅಂತ ಇಬ್ರೂ ಒಪ್ಯಾರ. ಪುಣೇದಾಗ ಈಗ ಎಲ್ಲಾರೂ ಹಂಗೇ ಮಾಡ್ತಾರಂತ. ಫ್ಯಾಷನ್." ಮಲ್ಲಮ್ಮನ ಗುಟ್ಟು ಉಳಿಸಿದೆ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

ಸಾಬಮ್ಮ ಕಸಬರಿಗೆ ಕೆಳಗಿಟ್ಟಳು. "ಸುಳ್ಳು ಹೇಳಬ್ಯಾಡ ಮಾನಪ್ಪ. ಹ್ವಾದ ಪಂಚಮಿಗಿ ಬಂದಾಗ ಆಕಿ ಒಂದು ದಿನ ನೆಲಕ್ಕ ಕುಂತಿಲ್ಲ. ನಾ ಏನು ಕುರುಡಿ ಏನು?"

"ಗೊತ್ತಿದ್ದೂ ಮತ್ತ ಯಾಕ ಕಟ್ಟಿ ಬ್ಯಾಡ ಅಂತ ಹಟ ಹಿಡದಿದ್ದಿ?"

"ಕಟ್ಟಿ ಆಗ್ಲಿ ಅಂದ್ರ, ಆಕಿ ಕಾಲು ಹ್ವಾದವು ಅಂತ ಒಪ್ಪಿದಂಗ. ಒಪ್ಪಿದ ಮ್ಯಾಲ ಸಾಕವ್ವ, ಮನಿಗಿ ಬಾ ಅನಬೇಕು. ಆಕಿ ಕಳಿಸಿದ್ದನ್ನೇ ನಾನು, ಹುಡುಗ್ರು ಉಂಡು ಕುಂತೀವಿ. ಯಾವ ಬಾಯಿಲೆ ಅನ್ಲಿ?"

ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಗೋಡೆಯ ಬುಡಕ್ಕೆ ದಾರದ ತುದಿ ಹಿಡಿದು, ಗಂಟು ಬರುವಲ್ಲಿ ಸೀಮೆಸುಣ್ಣದಿಂದ ಗೀಟು ಎಳೆದೆ. ಸಾಬಮ್ಮ ಹತ್ತಿರ ಬಂದು ಆ ಗೀಟಿನ ಮೇಲೆ ಅಂಗೈ ಇಟ್ಟು ನಿಂತಳು.

"ಎರಡು ಬೆರಳು ಕೆಳಗ ಮಾಡು" ಎಂದಳು. "ವಯಸ್ಸಾದಂಗ ಮನಶ್ಯಾ ಕುಗ್ತಾನ. ಆಕಿ ಬಂದು ಇಲ್ಲಿ ನಿಂದ್ರೋದ್ರೊಳಗ ಎಷ್ಟು ಕುಗ್ಗಿರ್ತಾಳೋ."

ನಾನು ಗೀಟು ಅಳಿಸಿದೆ. ದಾರದ ಗಂಟು ಬಿಚ್ಚಿ, ಎರಡು ಬೆರಳು ಕೆಳಗೆ ಮತ್ತೆ ಹಾಕಿದೆ.