ಸ್ವಇಚ್ಛೆಯ ಟಿ.ಸಿ.

ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ತರಲು ಒಂದು ಸುಲಭದ ಉಪಾಯವಿದೆ. ಫೇಲಾಗುವಂತೆ ಕಾಣುವ ಮಕ್ಕಳನ್ನು ಒಂಬತ್ತನೆಯ ತರಗತಿಯಲ್ಲೇ ಟಿ.ಸಿ. ಕೊಟ್ಟು ಸಾಗಹಾಕುವುದು. ಈ ಜಾಣತನವನ್ನು ನಾನು ಕಂಡದ್ದು ಕಡಬದ ಕಡೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ.

ಪುತ್ತೂರಿನಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು ನಾನು. “ಪೇರೆಂಟ್ಸ್ ನಿಮ್ಮ ಮಾತು ಕೇಳ್ತಾರೆ ಮೇಡಂ, ಒಮ್ಮೆ ಬನ್ನಿ” ಎಂದು ಆ ಶಾಲೆಯ ಹೆಡ್‌ಮಾಸ್ಟರು ಫೋನ್ ಮಾಡಿದಾಗ, ಯಾಕೆಂದೂ ಕೇಳದೆ ಹೋದೆ. ಈ ವಯಸ್ಸಿನಲ್ಲಿ ಯಾರಾದರೂ ಕರೆದರೆ ಸಾಕು, ಸೀರೆ ಇಸ್ತ್ರಿ ಮಾಡಿ ಹೊರಟುಬಿಡುತ್ತೇನೆ.

ಆಫೀಸಿನಲ್ಲಿ ಆಲಂಕಾರಿನ ಬ್ಯಾರಿ ಹೆಂಗಸೊಬ್ಬಳು ಒಂಬತ್ತನೆಯ ತರಗತಿಯ ಮಗಳೊಂದಿಗೆ ಕುಳಿತಿದ್ದಳು. ತಾಯಿ ನನ್ನದೇ ಹಳೆಯ ವಿದ್ಯಾರ್ಥಿನಿ. ಮೇಜಿನ ಮೇಲೆ ಟೈಪ್ ಮಾಡಿಟ್ಟ ಅರ್ಜಿ: ‘ಪೋಷಕರ ಸ್ವಇಚ್ಛೆಯ ಮೇರೆಗೆ’ ಟಿ.ಸಿ. ಬೇಕಂತೆ. ಇಚ್ಛೆಯನ್ನು ಶಾಲೆಯೇ ಬರೆದುಕೊಟ್ಟಿತ್ತು, ಸಹಿ ಮಾತ್ರ ಬಾಕಿ. ಹೌ ಕನ್ವೀನಿಯೆಂಟ್!

“ತುಂಬ ವೀಕ್ ಮೇಡಂ. ಅವಳ ಒಳ್ಳೆಯದಕ್ಕೇ ಹೇಳುದು,” ಎಂದರು ಹೆಡ್‌ಮಾಸ್ಟರು.

ಅವಳ ಸಯನ್ಸ್ ಪೇಪರ್ ತೆಗೆದು ನೋಡಿದೆ. ಅರ್ಧಕ್ಕರ್ಧ ಖಾಲಿ. ಅದರಲ್ಲಿದ್ದ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದೆ: “ಬೆವರಿದಾಗ ಫ್ಯಾನ್ ಹಾಕಿದ್ರೆ ತಂಪಾಗುದು ಯಾಕೆ?”

“ಬೆವರು ಒಣಗುವಾಗ ಮೈಯ ಬಿಸಿ ಕೊಂಡೋಗ್ತದೆ ಟೀಚರ್. ಗಾಳಿ ಇದ್ರೆ ಬೇಗ ಒಣಗ್ತದಲ್ಲ.”

“ಓರಲ್ ಓಕೆ. ಆದ್ರೆ ‘ಇವಾಪೊರೇಶನ್’ ಎಲ್ಲುಂಟು ಮೇಡಂ?”

“ನೀವು ಕಲಿಸಿದ್ರೆ ಇರ್ತಿತ್ತು ಮಾರಾಯ್ರೆ.”

ಅಷ್ಟರಲ್ಲಿ ತಾಯಿ ನನ್ನ ಕಡೆ ತಿರುಗಿದಳು. “ನನಗೆ ಈ ಇಂಗ್ಲಿಷೆಲ್ಲ ಎಂತ ಗೊತ್ತು ಟೀಚರ್? ನೀವು ಸೈನ್ ಹಾಕು ಹೇಳಿದ್ರೆ ಹಾಕ್ತೇನೆ.”

ಅವಳಿಗೆ ಇಂಗ್ಲಿಷ್ ಕಲಿಸಿದವಳು ನಾನೇ. ಕಲಿಸಿದ್ದೆಂದರೆ, ಮನೆಮಾತು ಬ್ಯಾರಿ ಮಾತಾಡಿದ್ದಕ್ಕೆ ಕ್ಲಾಸಿನ ಹೊರಗೆ ನಿಲ್ಲಿಸಿದ್ದೆ. ಕಾನ್ವೆಂಟಿನಲ್ಲಿ ತುಳು ಮಾತಾಡಿದ್ದಕ್ಕೆ ನನ್ನನ್ನೂ ಹಾಗೆಯೇ ನಿಲ್ಲಿಸಿದ್ದರು. ಸಿಸ್ಟರುಗಳ ಆ ಪಾಲಿಶ್ ಮಾಡಿದ ಕಾರಿಡಾರು, ಮಧ್ಯಾಹ್ನದ ಪಿಯಾನೊ ಈಗಲೂ ನನಗೆ ಪ್ರಿಯ. ಶಿಕ್ಷೆಯನ್ನು ಮಾತ್ರ ಡಿಸಿಪ್ಲಿನ್ ಎಂದು ನಂಬಿ ಮೂರ್ಖಳ ಹಾಗೆ ಮುಂದಕ್ಕೆ ದಾಟಿಸಿದೆ. ಎದುರಿಗಿದ್ದ ಹೆಡ್‌ಮಾಸ್ಟರನ್ನು ಕಂಡು ಬಂದ ಹೇಸಿಗೆಯಲ್ಲಿ ಒಂದು ಪಾಲು ನನ್ನ ಮೇಲಿನದೂ ಇತ್ತು.

“ಹಾಕ್ಬೇಡ,” ಎಂದೆ.

“ನಾಳೆ ಫೇಲಾದ್ರೆ ಯಾರು ರೆಸ್ಪಾನ್ಸಿಬಲ್ ಮೇಡಂ?”

“ನಾನು. ಕಲಿಸುದು ಹೇಗೂ ನಿಮ್ಮಿಂದ ಆಗುದಿಲ್ಲ.”

ಮರುವಾರದಿಂದ ಪ್ರತಿ ಶನಿವಾರ ಮಧ್ಯಾಹ್ನ ಹುಡುಗಿ ಬಸ್ಸು ಹತ್ತಿ ಪುತ್ತೂರಿನ ನನ್ನ ಮನೆಗೆ ಬರತೊಡಗಿದಳು. ಪ್ರಶ್ನೆಯನ್ನು ಮೊದಲು ಬ್ಯಾರಿಯಲ್ಲಿ ತನಗೆ ತಾನೇ ಹೇಳಿಕೊಳ್ಳುವಳು, ಉತ್ತರವನ್ನು ನನಗೆ ಕನ್ನಡದಲ್ಲಿ ಹೇಳುವಳು, ಆಮೇಲೆ ಇಬ್ಬರೂ ಸೇರಿ ಅದನ್ನು ಇಂಗ್ಲಿಷಿಗೆ ತರುವೆವು. ಇದಕ್ಕೆ ಯಾವ ಮಹಾ ಮೆಥಡ್ಡೂ ಬೇಕಿರಲಿಲ್ಲ. ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬರು ಬೇಕಿತ್ತು, ಅಷ್ಟೇ. ಮರುವರ್ಷ ಹತ್ತನೆಯ ತರಗತಿಯಲ್ಲಿ ಪಾಸಾದಳು. ರ‍್ಯಾಂಕೇನಲ್ಲ, ನೆಟ್ಟಗೆ ಪಾಸು.

ರಿಸಲ್ಟಿನ ದಿನ ಹೆಡ್‌ಮಾಸ್ಟರ ಫೋನು. “ಈ ಸಲವೂ ಹಂಡ್ರೆಡ್ ಪರ್ಸೆಂಟ್ ಮೇಡಂ! ನಮ್ಮ ಸ್ಪೆಷಲ್ ಕೋಚಿಂಗ್ ವರ್ಕ್ ಆಯ್ತು.”

“ನೀವು ಟಿ.ಸಿ. ಕೊಡ್ಲಿಕ್ಕೆ ಹೊರಟಿದ್ದ ಹುಡುಗಿಗೆ ಸಯನ್ಸಿನಲ್ಲಿ ಎಷ್ಟು ಬಂತು ಹೇಳಿ ನೋಡುವ.”

“ಯಾವ ಹುಡುಗಿ ಮೇಡಂ?”

“ಈಡಿಯಟ್,” ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ, ತಿಳಿಯದು.